ಚಿತ್ರ ಮುಗಿದ ಮೇಲೆ ಹೆಸರು ಬರೀಬೇಕು

ಗೆಳೆಯ ಗೆಳತಿಯರೇ, ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಒಂದು ಚಿತ್ರ ಇತ್ತು. ನೀವೆಲ್ಲ ನೋಡಿದ್ದೀರಿ. ಸಳ ಸಿಂಹವನ್ನು ಕೊಲ್ಲುವ ಹೊಯ್ಸಳ ಲಾಂಛನ. ಸಿಂಹದ ಕೇಸರದ ಒಂದೊಂದು ಸುರುಳಿಯನ್ನೂ ಬೇರೆ ಬೇರೆಯಾಗಿ ಬಿಡಿಸಿತ್ತು. ಶಾಲೆಗೆ ಬಂದಿದ್ದ ಹಿರಿಯರೊಬ್ಬರು ಅದರ ಮುಂದೆ ನಿಂತು "ಯಾರಪ್ಪಾ ಇದನ್ನ ಬರೆದೋರು?" ಅಂದರು. ಚಿತ್ರದ ಕೆಳಗೆ "೭ನೇ ತರಗತಿ" ಅಂತ ಮಾತ್ರ ಇತ್ತು. ಅಲ್ಲೇ ನಿಂತಿದ್ದ ನಮ್ಮ ತರಗತಿಯ ಹುಡುಗನ ಬೆನ್ನು ತಟ್ಟಿ "ಶಭಾಷ್" ಅಂದು ಹೋದರು. ಅವನು ನಾನಲ್ಲ ಅನ್ನಲಿಲ್ಲ. ಬರೆದವಳು ನನ್ನ ಪಕ್ಕದಲ್ಲಿ ಕೂರುವವಳು. ಅವಳು ನಲ್ಲಿ ಹತ್ತಿರ ತಟ್ಟೆ ತೊಳೆಯುತ್ತಾ ಎಲ್ಲ ನೋಡುತ್ತಿದ್ದಳು. ಈ ತಿಂಗಳು ಅವಳು ಚಿತ್ರ ಕೊಟ್ಟಿಲ್ಲ. ಕೇಳಿದರೆ "ಬಿಡೇ, ಯಾರಿಗೆ ಬೇಕು" ಅಂತಾಳೆ.

ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಚಿತ್ರವಾಗಲಿ, ಬೊಂಬೆಯಾಗಲಿ, ಮುಗಿಸಿದ ಕೂಡಲೇ ಕಲಾವಿದರು ಮಾಡಬೇಕಾದ ಮೊದಲ ಕೆಲಸ ಅದರ ಕೆಳಗೆ ತಮ್ಮ ಹೆಸರು ಬರೆಯುವುದು ಎಂದು ನನ್ನ ಅಭಿಪ್ರಾಯ.

ನಮ್ಮ ಪತ್ರಿಕೆಯಲ್ಲಿ ತರಗತಿ ಮಾತ್ರ ಬರೆಯುವ ನಿಯಮ ಮೊದಲಿಂದ ಇದೆ. ಹೆಸರು ಹಾಕಿದರೆ ಮಕ್ಕಳಿಗೆ ಜಂಬ ಬರುತ್ತೆ, ಜಗಳ ಆಗುತ್ತೆ ಅಂತ. "ಬೇಲೂರು ಹಳೇಬೀಡಿನ ಶಿಲ್ಪಿಗಳು ಹೆಸರು ಹಾಕಿಕೊಂಡರಾ? ದೇವರ ಕೆಲಸ ಅಂತ ಮಾಡಿದರು" ಅಂತಲೂ ಕೆಲವರು ಹೇಳುತ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಪ್ರವಾಸಕ್ಕೆ ಹೋದ ಮೇಲೆ ಅದು ತಪ್ಪು ಅಂತ ಗೊತ್ತಾಯಿತು.

ಅರಸೀಕೆರೆಯಿಂದ ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋದೆವಲ್ಲ, ಆಗ ನಿಮ್ಮಲ್ಲಿ ಅರ್ಧ ಜನ ಚಿತ್ರಾನ್ನದ ಗಂಟು ಬಿಚ್ಚೋದರಲ್ಲೇ ಇದ್ದಿರಿ. ಗೈಡ್ ಹೇಳಿದ್ದನ್ನು ಕೇಳಿಸಿಕೊಂಡವರು ಕಡಿಮೆ. ಬೇಲೂರಿನ ಚೆನ್ನಕೇಶವ ದೇವಸ್ಥಾನವನ್ನು ೧೧೧೭ರಲ್ಲಿ ವಿಷ್ಣುವರ್ಧನ ಕಟ್ಟಿಸಿದ. ಅಲ್ಲಿ ಸೂರಿನ ಕೆಳಗಿರುವ ಮದನಿಕೆಯರ ಪೀಠದಲ್ಲಿ ಹಳೆಯ ಕನ್ನಡ ಅಕ್ಷರಗಳಿವೆ. ನಮಗೆ ಓದಲು ಬರಲಿಲ್ಲ, ಅವರೇ ಹೇಳಿದರು. ಅವು ಶಿಲ್ಪಿಗಳ ಹೆಸರು! ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಎಷ್ಟೋ ಜನ. ಬಳ್ಳಿಗಾವೆ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ಅಷ್ಟು ದೂರದಿಂದ ಕೆಲಸಕ್ಕೆ ಬಂದವನು ಹೆಸರಿನ ಜೊತೆ ಊರನ್ನೂ ಕೆತ್ತಿದ್ದಾನೆ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುತ್ತಂತೆ. ಅದಕ್ಕೇ ೯೦೦ ವರ್ಷ ಆದರೂ ಅಕ್ಷರ ಅಳಿಸಿಲ್ಲ. ಕೆಲವರು ಬಿರುದುಗಳನ್ನೂ ಸೇರಿಸಿ, ಎದುರಾಳಿ ಶಿಲ್ಪಿಗಳಿಗೆಲ್ಲ ತಾವೇ ಗಂಡ ಅನ್ನೋ ಥರ ಬರೆದುಕೊಂಡಿದ್ದಾರೆ. ಅಷ್ಟು ಜಂಬ ನಮಗೆ ಬೇಡ, ಹೆಸರು ಸಾಕು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ, ಬೇಲೂರು ಕೆತ್ತಿದವರು ಯಾರು? ಎಲ್ಲರೂ "ಜಕಣಾಚಾರಿ" ಅಂತ ಕೂಗಿದರು. ಮಗ ಡಂಕಣ ಬಂದು ಕಲ್ಲಿನಲ್ಲಿ ಕಪ್ಪೆ ತೋರಿಸಿದ ಕಥೆ ನನಗೂ ಇಷ್ಟ, ನಮ್ಮಜ್ಜಿ ಹೇಳಿದ್ದು. ಆದರೆ ಅದು ಬಾಯಿಂದ ಬಾಯಿಗೆ ಬಂದ ಕಥೆ. ಕಲ್ಲಿನಲ್ಲಿ ಹೆಸರಿರುವ ದಾಸೋಜ, ಚಾವಣರ ಹೆಸರನ್ನು ಒಬ್ಬರೂ ಹೇಳಲಿಲ್ಲ. ಹೆಸರು ಬರೆದಿಟ್ಟವರನ್ನೇ ಇಷ್ಟು ಮರೆತಿದ್ದೇವೆ. ಇನ್ನು ಬರೆಯದೇ ಹೋದವರ ಗತಿ ಏನು?

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ದೇವಸ್ಥಾನ ೧೨೪೬ರದು. ಅಲ್ಲಿ ಒಂದು ಬದಿಯ ವಿಗ್ರಹಗಳು ಬೈಚೋಜನವು, ಇನ್ನೊಂದು ಬದಿಯವು ಮಲ್ಲಿತಮ್ಮನವು. ಯಾರ ಕೈ ಹೇಗಿತ್ತು ಅಂತ ಈಗಲೂ ಹೋಲಿಸಿ ನೋಡಬಹುದು. ಇಬ್ಬರೂ ಜಗಳ ಆಡಿ ಅರ್ಧಕ್ಕೆ ಬಿಟ್ಟು ಹೋಗಲಿಲ್ಲವಲ್ಲ.

ನಮ್ಮಜ್ಜಿಯನ್ನು ಕೇಳಿದೆ, "ದಿನಾ ರಂಗೋಲಿ ಬಿಡ್ತೀಯಲ್ಲ, ನಿನ್ನ ಹೆಸರೆಲ್ಲಿ?" ಅಂತ. "ಯಾರ ಬಾಗಿಲು ಅಂತ ಊರಿಗೇ ಗೊತ್ತಿಲ್ವೇನೇ, ಬಾಗಿಲೇ ನನ್ನ ಹೆಸರು" ಅಂದರು. ಅಜ್ಜಿ ಹೇಳಿದ್ದು ಸರಿ. ಆದರೆ ನಮ್ಮ ಪತ್ರಿಕೆಯ ಗೋಡೆ ಎಲ್ಲರದೂ, ಅಲ್ಲಿ ಯಾರ ಬಾಗಿಲೂ ಇಲ್ಲ.

ಇನ್ನೊಂದು ಮಾತು, ಇದನ್ನು ಹೇಳಲು ನನಗೇ ನಾಚಿಕೆ. ಹಿಂದೊಂದು ಸಂಚಿಕೆಯಲ್ಲಿ ಕರ್ನಾಟಕದ ನಕ್ಷೆ ಬರೆದು ಹಳೇಬೀಡನ್ನು ಚಿಕ್ಕಮಗಳೂರು ಜಿಲ್ಲೆಗೆ ಸೇರಿಸಿದ್ದು ನಾನೇ. ಹೆಸರಿಲ್ಲದ್ದರಿಂದ ಬಚಾವಾದೆ. ಕೆಳಗೆ ಹೆಸರು ಹಾಕಬೇಕಿದ್ದರೆ ಎರಡು ಸಲ ನೋಡಿ ಬರೆಯುತ್ತಿದ್ದೆ.

ಹಾಗಂತ ಎಲ್ಲೆಂದರಲ್ಲಿ ಹೆಸರು ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಹಳೆಯ ದೇವಸ್ಥಾನಗಳ ಕಲ್ಲಿನ ಮೇಲೆ ಮೊಳೆಯಿಂದ ಗೀಚಿ ಹೋಗುವವರಿದ್ದಾರೆ. ಅವರು ಉಳಿ ಹಿಡಿದವರೂ ಅಲ್ಲ, ಕಲ್ಲು ಹೊತ್ತವರೂ ಅಲ್ಲ. ಅಂಥ ಸಂರಕ್ಷಿತ ಸ್ಮಾರಕ ಕೆಡಿಸುವುದು ೧೯೫೮ರ ಕಾನೂನಿನ ಪ್ರಕಾರ ಅಪರಾಧ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ತಾನು ಮಾಡಿದ್ದರ ಮೇಲೆ ಹೆಸರು ಹಾಕುವುದು ಬೇರೆ, ಇನ್ನೊಬ್ಬರು ಮಾಡಿದ್ದರ ಮೇಲೆ ಗೀಚುವುದು ಬೇರೆ. ದಾಸೋಜ ಕೂಡ ಮದನಿಕೆಯ ಮುಖದ ಮೇಲೆ ಬರೆಯಲಿಲ್ಲ, ಪೀಠದಲ್ಲಿ ಬರೆದ.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ. ಮುಂದಿನ ಸಂಚಿಕೆಯಿಂದ ಪ್ರತಿ ಹಾಳೆಯ ಕೆಳಗೆ ಎರಡು ಬೆರಳಷ್ಟು ಜಾಗ ಬಿಡಿಸಿ, ಅಲ್ಲಿ ಹೆಸರು, ತರಗತಿ, ಊರು ಸಣ್ಣದಾಗಿ ಬರೆಯಲು ಅಪ್ಪಣೆ ಕೊಡಬೇಕು. ಹೋದ ತಿಂಗಳ ಸಿಂಹದ ಚಿತ್ರ ಇನ್ನೂ ಬೀರುವಿನ ಮೇಲೆ ಸುತ್ತಿಟ್ಟಿದೆ. ಮೊದಲು ಅದಕ್ಕೆ ಹೆಸರು ಬರೆಸಿ ಮತ್ತೆ ಒಂದು ವಾರ ಹಾಕಿದರೆ ಚೆನ್ನಾಗಿರುತ್ತೆ. ಬರೆಯೋಕೆ ಅವಳನ್ನು ನಾನು ಕರ್ಕೊಂಡು ಬರ್ತೀನಿ.

– ೭ನೇ ತರಗತಿ
(ಸದ್ಯಕ್ಕೆ ನಿಯಮ ಇರುವುದರಿಂದ ಇಷ್ಟೇ. ಕೆಳಗೆ ಜಾಗ ಬಿಟ್ಟಿದ್ದೇನೆ.)