ಮಾರಿಸ್ ಮೈನರ್: ಮನೆಯ ಶೆಡ್ಡಿನಲ್ಲಿ ಉಳಿದ ಅರ್ಧ ಶತಮಾನ

ಮಾರಿಸ್ ಮೈನರ್ ಕಾರನ್ನು ಕಾರ್ಖಾನೆ ತಯಾರಿಸಿದ್ದು 1948ರಿಂದ 1971ರವರೆಗೆ, ಇಪ್ಪತ್ತಮೂರು ವರ್ಷ. ಮನೆಗಳು ಅದನ್ನು ಉಳಿಸಿಕೊಂಡು ಬಂದಿರುವ ಅವಧಿ ಅದರ ಎರಡು ಪಟ್ಟನ್ನೂ ಮೀರಿದೆ. ತಯಾರಾದ ಸುಮಾರು ಹದಿನಾರು ಲಕ್ಷ ಕಾರುಗಳಲ್ಲಿ ಹೆಚ್ಚಿನವು ಗುಜರಿಗೆ ಹೋದವು ನಿಜ. ಆದರೂ ಇಂಗ್ಲೆಂಡಿನ ಹಳ್ಳಿಯ ರಸ್ತೆಯಲ್ಲಿ ಇಂದಿಗೂ ಒಂದು ಮೈನರ್ ತನ್ನಷ್ಟಕ್ಕೆ ತಾನು ಸಾಗುವುದು ಕಂಡರೆ ಯಾರೂ ಬೆರಗಾಗಿ ನಿಲ್ಲುವುದಿಲ್ಲ. ಊರಿನ ದಾದಿಯರು, ಪಾದ್ರಿಗಳು, ಪೊಲೀಸರು ಓಡಿಸಿದ ಈ ಸಾಧಾರಣ ಸಂಸಾರಸ್ಥರ ಕಾರನ್ನು ಇಷ್ಟು ದೂರ ತಂದವರು ವಾರದ ರಜೆಯಲ್ಲಿ ಜ್ಯಾಕಿ ಕೊಟ್ಟು ಅದರಡಿ ಮಲಗಿದ ಮಾಲೀಕರು. ಅವರ ಐವತ್ತು ವರ್ಷಗಳ ದುಡಿಮೆಯಲ್ಲಿ ಕೂಡಿದ್ದೇನು, ಕಳೆದದ್ದೇನು ಎಂದು ಲೆಕ್ಕ ಹಾಕಲು ಇದು ತಕ್ಕ ಸಮಯ.

ಮೊದಲ ಶ್ರೇಯಸ್ಸು ವಿನ್ಯಾಸಕಾರನಿಗೆ ಸಲ್ಲಬೇಕು. ಸ್ಮರ್ನಾದಲ್ಲಿ 1906ರಲ್ಲಿ ಹುಟ್ಟಿದ ಅಲೆಕ್ ಇಸಿಗೋನಿಸ್, ಮುಂದೆ ಮಿನಿ ಕಾರನ್ನೂ ರೂಪಿಸಿದಾತ. ಮಾದರಿ ಕಾರು ಸಿದ್ಧವಾದ ಮೇಲೆ ಅಗಲ ಸಾಲದು ಅನ್ನಿಸಿ, ಅದನ್ನು ಉದ್ದುದ್ದ ಎರಡು ಹೋಳು ಮಾಡಿಸಿ, ನಾಲ್ಕು ಇಂಚು ಸರಿಸಿ ನೋಡಿದ. ಬಾನೆಟ್ಟಿನ ನಡುವಿನ ಚಪ್ಪಟೆ ಪಟ್ಟಿ ಆ ನಿರ್ಧಾರದ ಗುರುತಾಗಿ ಕೊನೆಯ ಕಾರಿನವರೆಗೂ ಉಳಿಯಿತು. ರ‍್ಯಾಕ್ ಸ್ಟೀರಿಂಗ್, ಮುಂದೆ ಟಾರ್ಷನ್ ಬಾರ್ ಸಸ್ಪೆನ್ಷನ್: ಅಗ್ಗದ ಕಾರೊಂದಕ್ಕೆ ಅಂದು ಇವು ದೊಡ್ಡ ಮಾತು. ಮನೆಯಲ್ಲಿ ರಿಪೇರಿ ಮಾಡುವವನಿಗೆ ಇನ್ನೂ ದೊಡ್ಡ ವರ ಬೇರೆ ಇದ್ದವು. ನಾಲ್ಕೂ ಮಡ್‌ಗಾರ್ಡುಗಳು ಬೋಲ್ಟಿನ ಮೇಲೆ ನಿಂತಿವೆ, ಬಿಚ್ಚಿ ತೆಗೆಯಬಹುದು. ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ಎರಡೂ ಕೈ ಆಡಿಸುವಷ್ಟು ಜಾಗ. 1952ರಲ್ಲಿ 803 ಸಿಸಿಯ ಎ-ಸೀರೀಸ್ ಎಂಜಿನ್ ಬಂತು, 1956ರಲ್ಲಿ ಅದು 948 ಸಿಸಿ ಆಯಿತು, 1962ರಲ್ಲಿ 1098. ಅದೇ ಎಂಜಿನ್ ವಂಶ ಮಿನಿಯೊಳಗೆ 2000ನೇ ಇಸವಿಯವರೆಗೂ ತಯಾರಾಗುತ್ತಿತ್ತು. ಹೀಗಾಗಿ ಮೈನರ್ ನಿಂತುಹೋದ ಮೇಲೂ ಅದರ ಎಂಜಿನ್ನಿಗೆ ಬಿಡಿಭಾಗದ ಬರ ಬರಲಿಲ್ಲ.

ಎಲ್ಲವೂ ಸಲೀಸಾಗಿತ್ತು ಎಂದಲ್ಲ. ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ಚಾಲಕನ ಕಾಲಡಿ, ಚಾಸಿಯ ತೊಲೆಯೊಳಗೆ ಹುದುಗಿಸಿಟ್ಟಿದ್ದಾರೆ. ಅದರ ಬೋಲ್ಟು ಹೊರಬರಲು ಟಾರ್ಷನ್ ಬಾರ್ ಅಡ್ಡ. ಈ ಒಂದು ಭಾಗಕ್ಕಾಗಿ ಇಡೀ ದಿನ ಕಳೆದವರ ಸಂಖ್ಯೆ ಸಣ್ಣದಿರಲಾರದು.

ಎಪ್ಪತ್ತರ ದಶಕದಲ್ಲಿ ಮೈನರ್ ಹಳೇ ಕಾರು ಅಷ್ಟೇ. ಅಗ್ಗಕ್ಕೆ ಸಿಗುತ್ತಿತ್ತು, ಕೆಟ್ಟರೆ ಎಸೆಯಬಹುದಿತ್ತು. ಆ ಹೊತ್ತಿನಲ್ಲಿ ಅದನ್ನು ಬೇರೆ ಕಣ್ಣಿನಿಂದ ನೋಡಿದವರಲ್ಲಿ ಬಾತ್ ನಗರದ ಚಾರ್ಲ್ಸ್ ವೇರ್ ಪ್ರಮುಖ. ಹೊಸ ಕಾರು ಕೊಂಡು ವರ್ಷವರ್ಷ ಅದರ ಬೆಲೆ ಕರಗುವುದನ್ನು ನೋಡುವ ಬದಲು, ಅದೇ ದುಡ್ಡನ್ನು ಹಳೆಯ ಗಟ್ಟಿ ಕಾರಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಹೋದರೆ ಅದು ಜೀವಮಾನವಿಡೀ ನಡೆಯುತ್ತದೆ ಎಂಬುದು ಅವರ ವಾದ. 1982ರಲ್ಲಿ ಅದನ್ನೇ ಪುಸ್ತಕವಾಗಿಯೂ ಬರೆದರು. ಮಾಲೀಕರ ಸಂಘ ಹುಟ್ಟಿತು. ಭಾಗಗಳನ್ನು ಹೊಸದಾಗಿ ಮಾಡಿಸುವವರು ಬಂದರು. ಜಾನ್ ಹೇನ್ಸ್ 1966ರಲ್ಲಿ ಆರಂಭಿಸಿದ ಕೈಪಿಡಿ ಮಾಲೆಯಲ್ಲಿ ಮೈನರ್‌ಗೂ ಒಂದು ಪುಸ್ತಕ ಬಂತು. ಕಾರನ್ನು ಸ್ವತಃ ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಹಂತಹಂತವಾಗಿ ಚಿತ್ರ ತೆಗೆದು ಬರೆದ ಆ ಪುಸ್ತಕಗಳು ಗುಮಾಸ್ತನನ್ನೂ ಮೇಷ್ಟರನ್ನೂ ಮೆಕ್ಯಾನಿಕ್ ಮಾಡಿದವು.

ಕೂಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ತಗಡಿನ ಕೆಲಸ, ನಮ್ಮ ಗ್ಯಾರೇಜಿನ ಮಾತಿನಲ್ಲಿ ಟಿಂಕರಿಂಗ್. ಮೈನರ್‌ಗೆ ಪ್ರತ್ಯೇಕ ಚಾಸಿ ಇಲ್ಲ. ಮೈತಗಡೇ ಭಾರ ಹೊರುತ್ತದೆ. ಚಳಿಗಾಲದಲ್ಲಿ ಮಂಜು ಕರಗಿಸಲು ಇಂಗ್ಲೆಂಡಿನಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು ಬಾಗಿಲ ಕೆಳಗಿನ ಸಿಲ್ಲಿನೊಳಗೆ, ಹಿಂದಿನ ಸ್ಪ್ರಿಂಗು ಹಿಡಿದ ಜಾಗದಲ್ಲಿ, ಅಡ್ಡತೊಲೆಯ ತುದಿಗಳಲ್ಲಿ ಕೂತು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ತಗಡೇ ಇರುವುದಿಲ್ಲ. ಸಿಲ್ಲು ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬೆಸೆದು ಬಿಗಿಯದಿದ್ದರೆ ಕಾರು ನಡುವಲ್ಲಿ ಕುಸಿದು, ಆಮೇಲೆ ಬಾಗಿಲು ಎಂದೂ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಮನೆಗೆ ಒಗ್ಗುವ ಸಣ್ಣ ಮಿಗ್ ವೆಲ್ಡಿಂಗ್ ಯಂತ್ರಗಳು ಬಂದ ಮೇಲೆ ಸಾವಿರಾರು ಸಾಮಾನ್ಯರು ಈ ವಿದ್ಯೆ ಕಲಿತರು. ಟ್ರಾವೆಲರ್ ಎಂಬ ಮಾದರಿಯ ಹಿಂಭಾಗದ ಆ್ಯಶ್ ಮರದ ಚೌಕಟ್ಟೂ ಹಾಗೆಯೇ. ನಮ್ಮ ತೊಟ್ಟಿಮನೆಯ ಕಂಬಗಳ ಹಾಗೆ ಅದು ಭಾರ ಹೊರುವ ಮರ. ಕೊಳೆತ ಕಡೆ ಪುಟ್ಟಿ ತುಂಬಿ ವಾರ್ನಿಶ್ ಬಳಿದರೆ ವಾರ್ಷಿಕ ತಪಾಸಣೆಯಲ್ಲಿ ನಪಾಸಾಗುತ್ತಿತ್ತು. ಹಾಗಾಗಿ ವೆಲ್ಡಿಂಗಿನ ಜೊತೆ ಬಡಗಿ ಕೆಲಸವನ್ನೂ ಜನ ಕಲಿತರು.

ಇನ್ನು ನಷ್ಟದ ಕಡೆ. ಮಾಲೀಕರ ಗಮನ ವರ್ಷ ಕಳೆದಂತೆ ಜೀರ್ಣೋದ್ಧಾರದ ಕಡೆಗೇ ವಾಲಿತು, ನಿತ್ಯದ ಆರೈಕೆ ಹಿಂದೆ ಬಿತ್ತು. ಹಳೆಯ ಕಾರುಗಳ ಪ್ರದರ್ಶನದಲ್ಲಿ ಬಹುಮಾನ ಸಿಗುವುದು ಬಣ್ಣಕ್ಕೆ, ಹೊಳೆಯುವ ಕ್ರೋಮಿಗೆ. ಗ್ರೀಸ್ ಗನ್ನಿಗೆ ಯಾರೂ ಬಹುಮಾನ ಕೊಡುವುದಿಲ್ಲ. ಆದರೆ ಮೈನರ್‌ನ ಪ್ರಾಣ ಇರುವುದು ಅಲ್ಲೇ. ಅದರ ಮುಂದಿನ ಚಕ್ರದ ಒಳಬದಿಯಲ್ಲಿ ಟ್ರನಿಯನ್ ಎಂಬ ಮರೆಯುಳ್ಳ, ಅಂದರೆ ತಿರುಪಿನ ಸುರುಳಿಯುಳ್ಳ, ಭಾಗವಿದೆ. ಸ್ಟೀರಿಂಗ್ ತಿರುಗಿದಾಗ ಚಕ್ರ ತಿರುಗುವುದು ಆ ಮರೆಯ ಮೇಲೆ. ಗ್ರೀಸ್ ಇಲ್ಲದೆ ಒಣಗಿದರೆ ಮರೆ ಸವೆದು, ಒಂದು ದಿನ ಕೀಲು ಕಳಚಿ, ಚಕ್ರ ಮಡ್‌ಗಾರ್ಡಿನಡಿ ಮಡಚಿಕೊಳ್ಳುತ್ತದೆ. ಹಳೆಯ ಕೈಪಿಡಿಗಳು ಸಾವಿರ ಮೈಲಿಗೊಮ್ಮೆ ಗ್ರೀಸ್ ಕೊಡಿ ಎಂದವು. ಈಗ ವರ್ಷಕ್ಕೆ ಸಾವಿರ ಮೈಲಿಯೂ ಓಡದ ಕಾರುಗಳಿವೆ, ಓಡಲಿಲ್ಲವಲ್ಲ ಎಂದು ಗ್ರೀಸನ್ನೂ ಮರೆಯುತ್ತಾರೆ. ನಿಂತ ಕಾರಿನ ಗ್ರೀಸೂ ಗಟ್ಟಿಯಾಗುತ್ತದೆ, ನೀರೂ ಒಳಗಿಳಿಯುತ್ತದೆ.

ಕನ್ನಡ ಓದುಗರಿಗೆ ಈ ಮಾತು ಹೊಸದಲ್ಲ. ಹಿಂದೂಸ್ತಾನ್ ಮೋಟರ್ಸ್ ಐವತ್ತರ ದಶಕದಲ್ಲಿ ಮೈನರನ್ನೇ ಬೇಬಿ ಹಿಂದೂಸ್ತಾನ್ ಎಂದು ತಂದಿತ್ತು. ಅದೇ ಮಾರಿಸ್ ಮನೆತನದ ಆಕ್ಸ್‌ಫರ್ಡ್ ಕಾರು ಇಲ್ಲಿ ಅಂಬಾಸಿಡರ್ ಆಗಿ 2014ರವರೆಗೆ ತಯಾರಾಯಿತು. ಕಾರನ್ನು ಎತ್ತಿಸಿ, ತೊಳೆಸಿ, ಒಂದೊಂದು ನಿಪ್ಪಲ್ಲಿಗೂ ಗ್ರೀಸ್ ಹೊಡೆಸಿಯೇ ದೂರದ ಪ್ರಯಾಣಕ್ಕೆ ಹೊರಡುತ್ತಿದ್ದ ನಮ್ಮ ಅಂಬಾಸಿಡರ್ ಚಾಲಕರಿಗೆ ತಿಳಿದಿದ್ದದ್ದನ್ನು ಇಂಗ್ಲೆಂಡಿನ ಪ್ರದರ್ಶನದ ಮೈದಾನಗಳು ಮತ್ತೆ ಕಲಿಯಬೇಕಾಗಿದೆ.

ಇಂಧನದ ಬದಲಾವಣೆಯನ್ನು ಮನೆಯ ಮೆಕ್ಯಾನಿಕ್ಕುಗಳು ಚೆನ್ನಾಗಿಯೇ ನಿಭಾಯಿಸಿದ್ದಾರೆ. 2000ನೇ ಇಸವಿಯ ಆರಂಭದಲ್ಲಿ ಬ್ರಿಟನ್ನಿನಲ್ಲಿ ಸೀಸದ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಂತಾಗ ಗಟ್ಟಿ ವಾಲ್ವ್ ಸೀಟು ಹಾಕಿಸಿಕೊಂಡರು. 2021ರಲ್ಲಿ ಎಥನಾಲ್ ಶೇ. 10ರವರೆಗಿನ ಪೆಟ್ರೋಲ್ ಬಂದಾಗ ಹಳೆಯ ರಬ್ಬರ್ ಪೈಪುಗಳನ್ನು ಬದಲಿಸಿದರು. ಕಳವಳ ಹುಟ್ಟಿಸುವುದು ಕಲಿಸುವವರ ಕೊರತೆ. ಹೊಸ ಮಾದರಿಗಳಿಗೆ ಮುದ್ರಿತ ಕೈಪಿಡಿ ತರುವುದನ್ನು ನಿಲ್ಲಿಸುವುದಾಗಿ ಹೇನ್ಸ್ ಸಂಸ್ಥೆ 2020ರಲ್ಲಿ ಪ್ರಕಟಿಸಿತು. ಹಳೆಯ ಪುಸ್ತಕ ಸಿಗುತ್ತದೆ ನಿಜ. ಆದರೆ ಎಸ್‌ಯು ಕಾರ್ಬೊರೇಟರಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ, ಎಂಜಿನ್ನಿನ ಸದ್ದು ಏರಿತೋ ಇಳಿಯಿತೋ ಕೇಳಿ ಮಿಶ್ರಣ ಹೊಂದಿಸುವುದನ್ನು ಪಕ್ಕದಲ್ಲಿ ನಿಂತವರೊಬ್ಬರು ತೋರಿಸಿಕೊಡಬೇಕು. 0.012 ಇಂಚಿನ ಟ್ಯಾಪೆಟ್ ಅಂತರದಲ್ಲಿ ಫೀಲರ್ ಗೇಜ್ ಎಷ್ಟು ಬಿಗಿಯಾಗಿ ಜಾರಬೇಕು ಎಂಬುದನ್ನು ಯಾವ ಪುಟವೂ ಬೆರಳಿಗೆ ಕಲಿಸಲಾರದು.

ಮೇ 2018ರಿಂದ ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಟಿಗೆ ಒಳಗಾಗದ ಕಾರುಗಳಿಗೆ ಎಂಒಟಿ ಎಂಬ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಮೈನರ್‌ಗಳೆಲ್ಲ ಈ ವಿನಾಯಿತಿಯ ವಯಸ್ಸು ದಾಟಿವೆ. ಮಾಲೀಕರಲ್ಲಿ ಅನೇಕರು ಇದನ್ನು ಗೌರವವೆಂದು ಸ್ವಾಗತಿಸಿದರು. ನನಗೆ ಹಾಗನ್ನಿಸುವುದಿಲ್ಲ. ಮನೆಯಲ್ಲಿ ರಿಪೇರಿ ಮಾಡುವವನಿಗೆ ವರ್ಷಕ್ಕೊಮ್ಮೆ ಹೊರಗಿನವರೊಬ್ಬರ ಕಣ್ಣು ಸಿಗುತ್ತಿದ್ದುದು ಆ ತಪಾಸಣೆಯಿಂದಲೇ. ಕಾರು ರಸ್ತೆಗೆ ಯೋಗ್ಯವಾಗಿರಬೇಕೆಂಬ ಕಾನೂನು ಇನ್ನೂ ಇದೆ, ಹೊಣೆ ಮಾತ್ರ ಪೂರ್ತಿ ಮಾಲೀಕನ ಹೆಗಲಿಗೆ ಬಿದ್ದಿದೆ. ಬಯಸಿದರೆ ಈಗಲೂ ಎಂಒಟಿ ಮಾಡಿಸಬಹುದು. ಮಾಲೀಕರ ಸಂಘಗಳು ಇದನ್ನು ಸದಸ್ಯರಿಗೆ ಸಲಹೆಯಾಗಿ ಹೇಳಿ ಸುಮ್ಮನಾಗದೆ, ತಮ್ಮ ಪ್ರದರ್ಶನಗಳಿಗೆ ಬರುವ ಪ್ರತಿ ಕಾರೂ ಆ ವರ್ಷದ ತಪಾಸಣಾ ಪತ್ರ ತೋರಿಸಬೇಕೆಂದು ನಿಯಮ ಮಾಡಬೇಕು. ತೀರ್ಪುಗಾರರು ಬಾನೆಟ್ಟಿನ ಹೊಳಪು ನೋಡುವ ಮೊದಲು ಬಗ್ಗಿ, ಟ್ರನಿಯನ್ ಬಾಯಲ್ಲಿ ಹೊಸ ಗ್ರೀಸ್ ಉಕ್ಕಿದೆಯೇ ಎಂದು ಟಾರ್ಚ್ ಬಿಟ್ಟು ನೋಡಲಿ; ಅಂಕ ಕೊಡುವುದನ್ನು ಅಲ್ಲಿಂದ ಶುರು ಮಾಡಲಿ.