ಮಹಾಯುದ್ಧದ ತಿರುವುಗಳೂ ಬಿಸಿಲೆಯ ಗಡಿಯೂ

ಎರಡನೆಯ ಮಹಾಯುದ್ಧದ ಗತಿ ತಿರುಗಿದ ಸ್ಥಳಗಳಾವುವೆಂದು ನಮ್ಮ ವಿದ್ಯಾವಂತರನ್ನು ಕೇಳಿದರೆ ಅವರು ಕ್ಷಣಮಾತ್ರವೂ ತಡವರಿಸರು. 1942ರ ಜೂನಿನಲ್ಲಿ ಮಿಡ್‌ವೇ, ಅದೇ ವರುಷದ ಕೊನೆಯಲ್ಲಿ ಎಲ್ ಅಲಮೇನ್, 1943ರ ಫೆಬ್ರವರಿ 2ರಂದು ಸ್ಟಾಲಿನ್‌ಗ್ರಾಡ್ ಎಂದು ಬೆರಳು ಮಡಿಸಿ ಎಣಿಸುವರು. ಉತ್ತರವು ಸರಿಯಾದುದೇ, ಹಿಟ್ಲರನೂ ಜಪಾನೀ ಸೇನಾಧಿಪತಿಗಳೂ ಗೆದ್ದಿದ್ದರೆ ಲೋಕದ ಗತಿ ಏನಾಗುತ್ತಿತ್ತೆಂಬುದನ್ನು ಅರಿಯದವರು ನಾವಲ್ಲ. ಆದರೆ ಇದೇ ಮಹನೀಯರನ್ನು, ಆ ಯುದ್ಧವು ಕನ್ನಡಿಗನ ಪಾಲಿಗೆ ಎಲ್ಲಿ ತಿರುಗಿತೆಂದು ಕೇಳಿನೋಡಿರಿ. "ನಮ್ಮ ನಾಡಿನಲ್ಲಿ ಯುದ್ಧವೆಲ್ಲಿ ನಡೆಯಿತು?" ಎಂಬ ಮರುಪ್ರಶ್ನೆ ಬಾರದೆ ಇರದು. ನಮ್ಮ ಜಗಳವಿರುವುದು ಈ ಮರುಪ್ರಶ್ನೆಯೊಡನೆ.

ಇದಕ್ಕೆ ಉತ್ತರ ಬೇಕಾದವರು ಸಕಲೇಶಪುರದ ಸೀಮೆಯಲ್ಲಿ ಬಿಸಿಲೆಯ ಘಟ್ಟದ ನೆತ್ತಿಯ ಮೇಲೆ ಒಮ್ಮೆ ನಿಲ್ಲಬೇಕು. ಎದುರಿಗೆ ಕುಮಾರಪರ್ವತ, ಕೆಳಗೆ ದಟ್ಟಡವಿಯ ನಡುವೆ ಸುಬ್ರಹ್ಮಣ್ಯಕ್ಕೆ ಇಳಿಯುವ ದಾರಿ. ಬೆನ್ನ ಹಿಂದೆ ಸುರಿದ ಮಳೆ ಹೇಮಾವತಿಯನ್ನು ಸೇರಿ ಕಾವೇರಿಯ ಪಾಲಾಗುವುದು. ಮುಂದೆ ಸುರಿದುದು ಕುಮಾರಧಾರೆಯಾಗಿ, ನೇತ್ರಾವತಿಯಾಗಿ ಪಡುಗಡಲಿಗೆ ಹರಿಯುವುದು. ನೀರಿಗೆ ಇಲ್ಲಿ ಎರಡು ದಾರಿಗಳಾದರೆ, ಮಹಾಯುದ್ಧದ ವರುಷಗಳಲ್ಲಿ ಮನುಷ್ಯನಿಗೆ ಇಲ್ಲಿ ಮೂರು ಸರಕಾರಗಳು! ಘಟ್ಟದ ಮೇಲೆ ಮೈಸೂರು ಸಂಸ್ಥಾನ, ಕೆಳಗೆ ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ, ಪಕ್ಕಕ್ಕೆ ಚೀಫ್ ಕಮಿಷನರನ ಆಡಳಿತದ ಕೊಡಗು. ಯಾತ್ರಿಕನು ಬೆಳಗ್ಗೆ ಒಂದು ಸರಕಾರದಲ್ಲಿ ಬುತ್ತಿ ಕಟ್ಟಿಕೊಂಡು ಸಂಜೆಗೆ ಇನ್ನೊಂದು ಸರಕಾರದಲ್ಲಿ ದೇವರ ದರ್ಶನ ಪಡೆಯುತ್ತಿದ್ದನು.

ಯುದ್ಧವು ಈ ಬೆಟ್ಟಗಳಿಗೆ ಬಂದುದು ತುಪಾಕಿಯ ಸದ್ದಿನೊಡನೆ ಅಲ್ಲ. ಮೊದಲು ಬಂದುದು ಕಾಫಿಯ ಚೀಲದ ದಾರಿಯಿಂದ. 1940ರ ಜೂನ್ 14ರಂದು ಜರ್ಮನರು ಪ್ಯಾರಿಸ್ಸನ್ನು ಹೊಕ್ಕರು. ಯುರೋಪಿನ ಮಾರುಕಟ್ಟೆಯ ಬಾಗಿಲು ಮುಚ್ಚಿತು. ಸಮುದ್ರಮಾರ್ಗವು ಜಲಾಂತರ್ನೌಕೆಗಳ ಬಾಯಿಗೆ ಬಿದ್ದಿತು. ಸಕಲೇಶಪುರ, ಆಲೂರು, ಮೂಡಿಗೆರೆ, ಮಡಿಕೇರಿಗಳ ಬೆಳೆಯು ಕೊಳ್ಳುವವರಿಲ್ಲದೆ ಉಳಿಯುವ ಕಾಲ ಬಂದುದರಿಂದಲೇ ಅದೇ ವರುಷ ಕಾಫಿ ಮಾರುಕಟ್ಟೆಯ ವಿಸ್ತರಣಕ್ಕಾಗಿ ಸುಗ್ರೀವಾಜ್ಞೆ ಹೊರಟಿತು; 1942ರಲ್ಲಿ ಅದು ಕಾಯಿದೆಯಾಯಿತು. ಬೆಳೆಗಾರನು ತನ್ನ ಕಾಫಿಯನ್ನು ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಬೇಕು, ಮಾರುವವರು ಅವರು. ಆಪತ್ತಿನಲ್ಲಿ ಇದು ತೋಟಗಳನ್ನು ಉಳಿಸಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯುದ್ಧಕ್ಕಾಗಿ ಬಂದ ಏರ್ಪಾಡು ಯುದ್ಧದೊಡನೆ ಹೋಗಲಿಲ್ಲ. ಪೂರ್ತಿಯಾಗಿ ಕೊನೆಗೊಂಡುದು 1996ರಲ್ಲಿ. ಪ್ಯಾರಿಸ್ಸಿನ ಪತನದ ಫಲವನ್ನು ಮಲೆನಾಡು ಐವತ್ತು ವರುಷಗಳಿಗೂ ಮಿಕ್ಕಿ ಅನುಭವಿಸಿತು. ಇದು ತಿರುವಲ್ಲವೆ?

ಇದಕ್ಕಿಂತ ಘೋರವಾದ ತಿರುವು 1942ರ ಮಾರ್ಚಿಯದು. ಆ ತಿಂಗಳ 8ರಂದು ಜಪಾನೀಯರು ರಂಗೂನನ್ನು ಹಿಡಿದರು. ಅದೇ ವಾರದಲ್ಲಿ ಜಾವಾದ ಡಚ್ಚರು ಶರಣಾದರು. ಇವೆರಡು ಹೆಸರುಗಳನ್ನು ನಮ್ಮವರು ಸೋಲಿನ ಪಟ್ಟಿಯಲ್ಲಿ ಓದಿ ಮುಂದೆ ಸಾಗುತ್ತಾರೆ. ಜಾವಾ ಎಂದರೆ ಕ್ವಿನೈನು. ಲೋಕದ ಕ್ವಿನೈನಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾಗ ಆ ಒಂದು ದ್ವೀಪದ ಸಿಂಕೋನ ತೋಟಗಳಿಂದ ಬರುತ್ತಿದ್ದಿತು. ನೀಲಗಿರಿಯಲ್ಲಿಯೂ ಬಂಗಾಳದಲ್ಲಿಯೂ ಇದ್ದ ಸರಕಾರೀ ತೋಟಗಳು ದೇಶದ ಅಗತ್ಯಕ್ಕೆ ಏನೇನೂ ಸಾಲವು. ಇತ್ತ ಬಿಸಿಲೆಯಂಥ ಕಾಡಂಚಿನ ಊರುಗಳಲ್ಲಿ ಚಳಿಜ್ವರವೆಂಬುದು ವರುಷಾವಧಿಯ ಅತಿಥಿ. ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ತೋಟಕ್ಕೆ ಬಂದ ಕೂಲಿಯವನು ಮೈ ನಡುಗಿಸಿಕೊಂಡು ಚಾಪೆಯ ಮೇಲೆ ಬಿದ್ದರೆ ಅವನಿಗಿದ್ದ ಆಸರೆಯೆಂದರೆ ಆ ಕಹಿಯ ಪುಡಿಯೊಂದೇ. ಬರ್ಮಾದ ರಣಾಂಗಣದಲ್ಲಿ 1943ರಲ್ಲಿ ಗಾಯಗೊಂಡು ಹಿಂದಿರುಗಿದ ಪ್ರತಿಯೊಬ್ಬ ಸಿಪಾಯಿಗೆ ಪ್ರತಿಯಾಗಿ ರೋಗದಿಂದ ಹಿಂದಿರುಗಿದವರು 120 ಮಂದಿಯೆಂದು ದಂಡನಾಯಕ ಸ್ಲಿಮ್ಮನೇ ಬರೆದಿರುವನು. ಇದ್ದಷ್ಟು ಔಷಧವು ಮೊದಲು ಸೈನ್ಯಕ್ಕೆ ಹೋಯಿತು. ಹೋಗಬೇಕಾದುದೂ ಹೌದೆನ್ನೋಣ. ಆದರೆ ಚಾಪೆಯ ಮೇಲೆ ಬಿದ್ದವನು ಯಾವ ಯುದ್ಧದ ಗಾಯಾಳು? ಅವನ ಹೆಸರನ್ನು ಯಾವ ಸ್ಮಾರಕಶಿಲೆಯ ಮೇಲೆ ಹುಡುಕೋಣ?

ರಂಗೂನಿನ ಮಾತು ಇನ್ನೂ ಕಠಿನ. ವರುಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಗಿಲಾಗಿ ಬರುತ್ತಿದ್ದ ಬರ್ಮಾ ಅಕ್ಕಿಯು ಒಮ್ಮೆಗೇ ನಿಂತಿತು. ಆಗ ಪ್ರಾಂತಗಳೂ ಸಂಸ್ಥಾನಗಳೂ ಮಾಡಿದುದೇನು? ತಂತಮ್ಮ ಕಣಜದ ಬಾಗಿಲಿಗೆ ಅಗುಳಿ ಹಾಕಿಕೊಂಡುವು. ಧಾನ್ಯವು ಗಡಿ ದಾಟದಂತೆ ಕಟ್ಟುಮಾಡಿದುವು. ಕರಾವಳಿಯ ಉಪ್ಪು ಮೇಲೇರಿ, ದನಗಳ ಹಿಂಡು ಕೆಳಗಿಳಿದು ತಲೆಮಾರುಗಳಿಂದ ಕೊಡುಕೊಳುವಿಕೆ ನಡೆದಿದ್ದ ಘಟ್ಟಸೀಮೆಯಲ್ಲಿ, ಅಣ್ಣನ ಮನೆಯ ಅಕ್ಕಿ ತಂಗಿಯ ಮನೆಗೆ ಹೋಗುವುದೂ ಅಪರಾಧವೆನಿಸಿಕೊಳ್ಳುವ ಸ್ಥಿತಿ ಒದಗಿತು. ಬಡಗಣ ಕನ್ನಡನಾಡಿನ ಗತಿಯನ್ನು ನೋಡಿರಿ. ಮಳೆ ಕೈಕೊಟ್ಟು 1942-43ರಲ್ಲಿ ವಿಜಾಪುರ ಜಿಲ್ಲೆಯು ಕ್ಷಾಮದಲ್ಲಿ ಬೆಂದಿತು. ಅದರ ಅಹವಾಲನ್ನು ಕೇಳಬೇಕಾದವರು ಮುಂಬಯಿಯಲ್ಲಿ. ಬಳ್ಳಾರಿಯದನ್ನು ಕೇಳಬೇಕಾದವರು ಮದರಾಸಿನಲ್ಲಿ. ರಾಯಚೂರು, ಕಲಬುರ್ಗಿಗಳದನ್ನು ಕೇಳಬೇಕಾದವರು ಹೈದರಾಬಾದಿನಲ್ಲಿ. ಯಾವ ರಾಜಧಾನಿಗೂ ಕನ್ನಡ ಜಿಲ್ಲೆ ಅಂಗಳವಲ್ಲ, ಹಿತ್ತಿಲು.

ಇಲ್ಲೊಂದು ಆಕ್ಷೇಪವನ್ನು ನಾವು ಬಲ್ಲೆವು. ಆಡಳಿತ ಒಂದಾಗಿದ್ದರೂ ಕ್ಷಾಮ ತಪ್ಪುತ್ತಿರಲಿಲ್ಲ, ಬಂಗಾಳವು ಒಂದೇ ಪ್ರಾಂತವಾಗಿದ್ದೂ 1943ರಲ್ಲಿ ಅಲ್ಲಿ ಲಕ್ಷಾಂತರ ಜನ ಸಾಯಲಿಲ್ಲವೆ, ಎಂಬುದೇ ಅದು. ಮಾತಿನಲ್ಲಿ ಹುರುಳುಂಟು. ಬಂಗಾಳವನ್ನು ಕೊಂದುದು ಪರಸರಕಾರದ ಅಲಕ್ಷ್ಯ. ನಮಗೆ ಅದರ ಮೇಲೆ ಒಡೆದ ಮನೆಯ ಶಾಪವೂ ಸೇರಿತೆಂಬಷ್ಟೇ ನಮ್ಮ ವಾದ. 1939ರ ಸೆಪ್ಟೆಂಬರ್ 3ರಂದು ಲಿನ್‌ಲಿತ್‌ಗೋ ಪ್ರಭುವು ಯಾರೊಬ್ಬ ಜನಪ್ರತಿನಿಧಿಯನ್ನೂ ಕೇಳದೆ ಒಂದೇ ಘೋಷಣೆಯಿಂದ ದೇಶವನ್ನು ಯುದ್ಧಕ್ಕೆ ನೂಕಿದನು, ಸಂಸ್ಥಾನಾಧಿಪತಿಗಳು ಹಿಂಬಾಲಿಸಿದರು. ರಕ್ತ ಕೇಳುವಾಗ ಗಡಿಗಳು ಕಾಣಲಿಲ್ಲ. ಅನ್ನ ಹಂಚುವಾಗ ಮಾತ್ರ ಒಂದೊಂದು ಗಡಿಯೂ ಕೋಟೆಯಾಯಿತು!

ಇನ್ನು ಕನ್ನಡನಾಡಿನ ಮಕ್ಕಳು ತಮ್ಮ ಪಾಲನ್ನು ತೆರಲಿಲ್ಲವೆ? ಬಿಸಿಲೆಯ ನೆರೆಯ ಕೊಡಗಿನ ತಿಮ್ಮಯ್ಯನವರು 1945ರ ಜನವರಿಯಲ್ಲಿ ಅರಕಾನಿನ ಕಾಂಗಾವ್ ಕಾಳಗದಲ್ಲಿ ತಮ್ಮ ದಳವನ್ನು ನಡೆಯಿಸಿದರು. ಮುಂದೆ ರಣರಂಗದಲ್ಲಿ ಬ್ರಿಗೇಡನ್ನೇ ಆಳಿದರು. ಅದೇ ಮಹಾಯುದ್ಧದ ನಡುವೆ ಶಿಕಾರಿಪುರದ ಈಸೂರು 1942ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರವೆಂದು ಸಾರಿತು. ಮರುವರುಷದ ಮಾರ್ಚಿಯಲ್ಲಿ ಐವರು ಗಲ್ಲಿಗೇರಿದರು. ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರು ಗುಂಡಿಗೆ ಎದೆಗೊಟ್ಟರು. ತಿಮ್ಮಯ್ಯನವರನ್ನು ಹೊಗಳುವವರು ಈಸೂರನ್ನು ಮರೆಯುವುದೂ ಈಸೂರಿಗೆ ಕೈಮುಗಿಯುವವರು ಬರ್ಮಾದಲ್ಲಿ ಮಡಿದ ಸಿಪಾಯಿಯನ್ನು ಕೂಲಿಯಾಳೆಂದು ಜರೆಯುವುದೂ ನಮಗೆ ಸಮ್ಮತವಲ್ಲ. ಎರಡೂ ಒಂದೇ ಯುದ್ಧದ ಪುಟಗಳು.

1956ರ ನವೆಂಬರ್ 1ರಂದು ಬಿಸಿಲೆಯ ಗಡಿ ಅಳಿಯಿತು. ಮೂರು ಸರಕಾರಗಳು ಕೂಡುತ್ತಿದ್ದಲ್ಲಿ ಈಗ ಒಂದೇ ರಾಜ್ಯದ ಮೂರು ಜಿಲ್ಲೆಗಳು ಕೂಡುತ್ತವೆ. ನೆಲವೇನೋ ಒಂದಾಯಿತು, ಆದರೆ ಆ ವರುಷಗಳ ಕಾಗದಪತ್ರಗಳು ಇನ್ನೂ ಒಂದಾಗಿಲ್ಲ. ಧಾರವಾಡ, ವಿಜಾಪುರಗಳ ಕಥೆಯನ್ನು ಮುಂಬಯಿಯ ದಫ್ತರದಲ್ಲಿ, ಮಂಗಳೂರು, ಬಳ್ಳಾರಿಗಳದನ್ನು ಚೆನ್ನೈಯಲ್ಲಿ, ರಾಯಚೂರಿನದನ್ನು ಹೈದರಾಬಾದಿನಲ್ಲಿ ಅರಸಬೇಕು. ರಾಜ್ಯ ಪತ್ರಾಗಾರವೂ ವಿಶ್ವವಿದ್ಯಾಲಯಗಳೂ ಅವುಗಳ ಪ್ರತಿಗಳನ್ನು ತರಿಸಿ ಒಂದೆಡೆ ಕೂಡಿಸಲಿ. 1939ರಿಂದ 1945ರ ವರೆಗಿನ ಕನ್ನಡನಾಡಿನ ಚರಿತ್ರೆಯನ್ನು ಒಂದೇ ಸಂಪುಟವಾಗಿ ಬರೆಯಿಸಲಿ. ಶಾಲೆಯ ಪುಸ್ತಕದಲ್ಲಿ ಸ್ಟಾಲಿನ್‌ಗ್ರಾಡಿನ ಪಕ್ಕದಲ್ಲಿ ರಂಗೂನಿಗೂ ಜಾವಾಕ್ಕೂ ಎರಡೆರಡು ಸಾಲು ಕೊಡಲಿ. ಆ ಕಾಲದ ರೇಷನ್ ಸಾಲಿನಲ್ಲಿ ತಾಯಿಯ ಸೆರಗು ಹಿಡಿದು ನಿಂತವರು ಈಗ ತೊಂಬತ್ತರ ಆಸುಪಾಸಿನಲ್ಲಿರುವರು. ಅವರ ಬಳಿಗೆ ಕಾಗದ, ಲೇಖಣಿಗಳೊಡನೆ ಈ ಮಳೆಗಾಲಕ್ಕೆ ಮುಂಚೆ ಹೋಗತಕ್ಕವರು ಯಾರು?