ಒಕ್ಕಲುತನವೂ ವನಸೇವೆಯೂ: ತರುಣರ ಹಿರಿಯರಿಗೊಂದು ಬಿನ್ನಹ

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ಕಾಲಕ್ಕೆ ನಮ್ಮ ಮನೆಮನೆಗಳಲ್ಲಿ ಒಂದೇ ಪ್ರಶ್ನೆ ಏಳುವದು: ಹುಡುಗನು ಮುಂದೇನು ಮಾಡತಕ್ಕದ್ದು? ವೈದ್ಯಕಿ, ಇಂಜಿನಿಯರಿಕೆ, ಇಲ್ಲವೇ ಸರಕಾರಿ ನೌಕರಿ. ಈ ಮೂರರಲ್ಲಿ ಒಂದೂ ಕೈಗೂಡದಿದ್ದರೆ ಮಾತ್ರ 'ಹೊಲ ಇದ್ದೇ ಇದೆಯಲ್ಲ' ಎಂದು ಹಿರಿಯರು ನಿಟ್ಟುಸಿರು ಬಿಡುವರು. ನಾಡಿಗೆ ಅನ್ನವಿಕ್ಕುವ ಕಸಬು ಸೋತವರ ಪಾಲಿನದೆಂಬ ಈ ಭಾವನೆಯು ಎಷ್ಟು ಅನರ್ಥಕಾರಿಯೆಂಬುದನ್ನು ವಾಚಕರು ಶಾಂತಚಿತ್ತದಿಂದ ವಿಚಾರಿಸಬೇಕು.

ಒಕ್ಕಲುತನಕ್ಕೆ ವಿದ್ಯೆ ಬೇಕಿಲ್ಲವೆಂಬುದು ಮೊದಲನೆಯ ಭ್ರಮೆ. ಮಲೆನಾಡಿನ ಅಡಕೆಯ ತೋಟಗಳನ್ನು ಕೊಳೆರೋಗವು ಹಾಳುಗೆಡಹುತ್ತಿದ್ದಾಗ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಅದಕ್ಕೆ ಬೂಷ್ಟಿನಂಥ ಸೂಕ್ಷ್ಮಜೀವಿಯೇ ಕಾರಣವೆಂದು ತೋರಿಸಿ, ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಉಪಾಯವನ್ನು ರೂಢಿಗೆ ತಂದರು. ಶತಮಾನ ಕಳೆದರೂ ನಮ್ಮ ತೋಟಿಗರು ಮಳೆಗಾಲದಲ್ಲಿ ಅದೇ ಮದ್ದನ್ನು ಹೊಡೆಯುತ್ತಿರುವರು. ಮಂಡ್ಯದ ಸಂಶೋಧನ ಕ್ಷೇತ್ರದಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ನಮ್ಮ ದೇಶದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಯಿಸಿದರು. ರಾಗಿಯ ಹೂವಿನ ಸೂಕ್ಷ್ಮತೆಯನ್ನು ಬಲ್ಲವರು ಇದಕ್ಕೆ ಬೇಕಾದ ತಾಳ್ಮೆಯನ್ನೂ ಬಲ್ಲರು. ಇವು ಮಣ್ಣಿನ ಮಗ್ಗುಲಲ್ಲಿ ಕುಳಿತು ಮಾಡಿದ ವಿದ್ಯೆಯ ಕಾರ್ಯಗಳಲ್ಲವೇ?

ಕಲಿಯುವ ಸ್ಥಳಗಳಿಲ್ಲವೆನ್ನುವಂತೆಯೂ ಇಲ್ಲ. ಬೆಂಗಳೂರಿನಲ್ಲಿ 1964ರಲ್ಲಿ, ಧಾರವಾಡದಲ್ಲಿ 1986ರಲ್ಲಿ ಕೃಷಿ ವಿಶ್ವವಿದ್ಯಾಲಯಗಳು ತಲೆಯೆತ್ತಿದವು. ಶಿರಸಿ, ಪೊನ್ನಂಪೇಟೆಗಳಲ್ಲಿ ಅರಣ್ಯ ಕಾಲೇಜುಗಳಿವೆ. ಆದರೆ ಅಲ್ಲಿಂದ ಹೊರಬಂದ ಪದವೀಧರರಲ್ಲಿ ಎಷ್ಟೋ ಜನರು ಬ್ಯಾಂಕು ಕಚೇರಿಗಳ ಮೇಜಿಗೆ ಸೇರಿಕೊಳ್ಳುವರು. ಅವರನ್ನು ದೂಷಿಸುವದು ನ್ಯಾಯವಲ್ಲ. 2015-16ರ ಕೃಷಿಗಣತಿಯಂತೆ ನಮ್ಮ ರಾಜ್ಯದ ಸರಾಸರಿ ಹಿಡುವಳಿಯು 1.36 ಹೆಕ್ಟೇರು, ಅಂದರೆ ಮೂರೂವರೆ ಎಕರೆಗೂ ಕಡಮೆ. ಅಷ್ಟು ನೆಲ, ನಂಬಲಾಗದ ಮಳೆ, ಅದಕ್ಕಿಂತಲೂ ನಂಬಲಾಗದ ಪೇಟೆಯ ಧಾರಣೆ. ಇವುಗಳ ಎದುರು ತಿಂಗಳ ಸಂಬಳವು ಸಿಹಿಯಾಗಿ ಕಂಡರೆ ಆಶ್ಚರ್ಯವೇನು?

ಅಡವಿಯ ದುಡಿಮೆಯ ಕಥೆಯೂ ಬೇರೆಯಲ್ಲ. ಅಂಕೋಲೆ ತಾಲೂಕಿನ ಹಾಲಕ್ಕಿ ಸಮಾಜದ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದಿನಗೂಲಿಯ ಮೇಲೆ ದುಡಿದರು. ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕೆಂಬುದು ಅವರಿಗೆ ಅಂಗೈ ನೆಲ್ಲಿಯಾಗಿತ್ತು. 2021ರಲ್ಲಿ ಅವರು ಬರಿಗಾಲಿನಲ್ಲಿಯೇ ರಾಷ್ಟ್ರಪತಿಗಳಿಂದ ಪದ್ಮಶ್ರೀಯನ್ನು ಸ್ವೀಕರಿಸಿದಾಗ ನಾಡೆಲ್ಲ ಹಿಗ್ಗಿತು. 2024ರಲ್ಲಿ ತೀರಿಕೊಂಡಾಗ ಕಂಬನಿ ಮಿಡಿಯಿತು. ಆದರೆ ಮುಪ್ಪಿನಲ್ಲಿ ಬಂದ ಮನ್ನಣೆಯು ಹರೆಯದಲ್ಲಿ ದೊರೆಯದ ನ್ಯಾಯವಾದ ಕೂಲಿಗೆ ಬದಲಾಗಲಾರದು. ಇಂಥ ಜ್ಞಾನವುಳ್ಳವರನ್ನು ದಿನಗೂಲಿಯ ಪಟ್ಟಿಯಲ್ಲಿ ಇರಿಸಿ, ಅಡವಿಯ ಸೇವೆಗೆ ತರುಣರು ಬರಲೊಲ್ಲರೆಂದು ಗೊಣಗುವದು ಯಾವ ನೀತಿ?

ಆದ್ದರಿಂದ ನಮ್ಮ ಮಾತು ಮೂವರಿಗಿದೆ. ಸರಕಾರವು ರೈತ ಸಂಪರ್ಕ ಕೇಂದ್ರಗಳಲ್ಲಿಯೂ ಅರಣ್ಯ ಇಲಾಖೆಯಲ್ಲಿಯೂ ತೆರವಾದ ಹುದ್ದೆಗಳನ್ನು ಕಾಲಕಾಲಕ್ಕೆ ತುಂಬಿ, ದುಡಿಯುವವರಿಗೆ ಸ್ಥಿರತೆಯನ್ನು ಕೊಡಲಿ. ವಿಶ್ವವಿದ್ಯಾಲಯಗಳು ತಮ್ಮ ಸಂಶೋಧನೆಯನ್ನು ಒಕ್ಕಲಿಗನು ಓದಿ ತಿಳಿಯಬಲ್ಲ ಕನ್ನಡದಲ್ಲಿ ಹೊರತರಲಿ. ಹೊಲಕ್ಕೆ ಮುಟ್ಟದ ವಿದ್ಯೆಯು ಕಣಜದಲ್ಲಿ ಮುಗ್ಗಿದ ಬೀಜದಂತೆ. ಮೂರನೆಯವರು ಮನೆಯ ಯಜಮಾನರು. ಕಲಿತು ಬಂದ ಮಗನಿಗಾಗಲಿ ಮಗಳಿಗಾಗಲಿ ಒಂದು ಎಕರೆಯನ್ನು, ಅದರ ಜಮಾಖರ್ಚಿನ ಸಹಿತ, ಮೂರು ವರುಷ ಒಪ್ಪಿಸಿಕೊಡಲಿ, ನಡುವೆ ಕೈಯಾಡಿಸದಿರಲಿ. ಹಕ್ಕಿಲ್ಲದ ದುಡಿಮೆಯಲ್ಲಿ ಯಾವ ತರುಣನೂ ನಿಲ್ಲಲಾರನು.

ತರುಣರಿಗೆ ನಾವು ತ್ಯಾಗವನ್ನು ಬೋಧಿಸುವದಿಲ್ಲ. ಒಕ್ಕಲುತನವು ಅವರ ಮನೆಯನ್ನು ಮರ್ಯಾದೆಯಿಂದ ನಡೆಯಿಸಬಲ್ಲ ಉದ್ಯೋಗವಾಗಬೇಕೆಂದೇ ನಮ್ಮ ಒತ್ತಾಯ. ಅಂಥ ವ್ಯವಸ್ಥೆಯನ್ನು ಕೇಳಿ ಪಡೆಯುವದು ಅವರ ಹಕ್ಕು. ಕಟ್ಟಿಕೊಡುವದು ನಮ್ಮೆಲ್ಲರ ಕರ್ತವ್ಯ.